ಎರಡು ಶಾಲೆಗೊಂದೇ ತಂಡ: ನ್ಯಾಯದ ಲೆಕ್ಕ ಎಲ್ಲಿ ತಪ್ಪುತ್ತದೆ?

1971ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾ ನಗರ ತನ್ನ ಮೂರು ಹೈಸ್ಕೂಲುಗಳನ್ನು ಹೊಸದಾಗಿ ವಿಂಗಡಿಸಿತು. ಕಪ್ಪು ಮತ್ತು ಬಿಳಿ ಜನಾಂಗದ ಮಕ್ಕಳ ಪ್ರಮಾಣವನ್ನು ಸರಿದೂಗಿಸುವುದು ಅದರ ಉದ್ದೇಶವಾಗಿತ್ತು. 11 ಮತ್ತು 12ನೇ ತರಗತಿಯ ಎಲ್ಲರೂ ಟಿ.ಸಿ. ವಿಲಿಯಮ್ಸ್ ಶಾಲೆಗೆ ಬಂದರು, ಕಿರಿಯರು ಉಳಿದೆರಡು ಶಾಲೆಗಳಿಗೆ ಹೋದರು. ಆ ಋತುವಿನಲ್ಲಿ ಟಿ.ಸಿ. ವಿಲಿಯಮ್ಸ್‌ನ ಫುಟ್ಬಾಲ್ ತಂಡ ಆಡಿದ 13 ಪಂದ್ಯಗಳನ್ನೂ ಗೆದ್ದಿತು. ರಾಜ್ಯ ಫೈನಲ್‌ನಲ್ಲಿ ಎದುರಾಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ 27-0ರಿಂದ ಪ್ರಶಸ್ತಿ ಪಡೆಯಿತು. 2000ದಲ್ಲಿ ತೆರೆಕಂಡ 'ರಿಮೆಂಬರ್ ದ ಟೈಟನ್ಸ್' ಚಿತ್ರ ಈ ತಂಡದ ಕಥೆಯನ್ನು ಜಗತ್ತಿಗೆಲ್ಲ ಮುಟ್ಟಿಸಿತು. ಬೇರೆ ಬೇರೆ ಬಣ್ಣದ ಹುಡುಗರು ಒಂದಾದ ಕಥೆಯಾಗಿ ಅದನ್ನು ಜನ ನೆನೆಯುತ್ತಾರೆ, ನೆನೆಯಬೇಕಾದದ್ದೂ ಹಾಗೆಯೇ. ಆದರೆ ಅದರೊಳಗೆ ಇನ್ನೊಂದು ಸಂಗತಿಯೂ ಇದೆ. ಮೂರು ಶಾಲೆಗಳಲ್ಲಿ ಹಂಚಿಹೋಗಬೇಕಿದ್ದ ಹಿರಿಯ ಆಟಗಾರರೆಲ್ಲ ಒಂದೇ ಜೆರ್ಸಿ ತೊಟ್ಟಿದ್ದರು. ಎದುರಿಗೆ ನಿಂತ ತಂಡಗಳಿಗೆ ಒಂದು ಶಾಲೆಯ ಬಲವಷ್ಟೇ ಇತ್ತು.

ಇದಕ್ಕೆ 37 ವರ್ಷ ಹಿಂದೆ, ನೆಬ್ರಾಸ್ಕ ರಾಜ್ಯದ ಬಯಲಿನಲ್ಲಿ ಇನ್ನೊಂದು ಬಗೆಯ ಕೂಡಿಕೆ ನಡೆದಿತ್ತು. ಆರ್ಥಿಕ ಮಹಾಕುಸಿತದ ಕಾಲ. ಹಳ್ಳಿಯ ಹೈಸ್ಕೂಲುಗಳಲ್ಲಿ ಹನ್ನೊಂದು ಹುಡುಗರ ತಂಡ ಕಟ್ಟುವಷ್ಟು ಮಕ್ಕಳೂ ಇರಲಿಲ್ಲ, ಸಲಕರಣೆ ಕೊಳ್ಳುವಷ್ಟು ಹಣವೂ ಇರಲಿಲ್ಲ. ಚೆಸ್ಟರ್ ಎಂಬ ಊರಿನ ಶಿಕ್ಷಕ ಸ್ಟೀಫನ್ ಎಪ್ಲರ್ ಆರು ಮಂದಿ ಆಡಬಹುದಾದ ಫುಟ್ಬಾಲನ್ನು ರೂಪಿಸಿದರು. 1934ರ ಸೆಪ್ಟೆಂಬರಿನಲ್ಲಿ ಹೆಬ್ರನ್ ಊರಿನ ಮೈದಾನದಲ್ಲಿ ಅದರ ಮೊದಲ ಪಂದ್ಯ ನಡೆಯಿತು. ಆ ದಿನ ಕಣಕ್ಕಿಳಿದ ಎರಡೂ ಜಂಟಿ ತಂಡಗಳು. ಚೆಸ್ಟರ್ ಮತ್ತು ಹಾರ್ಡಿ ಊರಿನವರು ಒಂದು ಕಡೆ, ಬೆಲ್ವಿಡಿಯರ್ ಮತ್ತು ನೆಬ್ರಾಸ್ಕದ್ದೇ ಆದ ಅಲೆಕ್ಸಾಂಡ್ರಿಯಾ ಎಂಬ ಹಳ್ಳಿಯವರು ಇನ್ನೊಂದು ಕಡೆ. ಪಂದ್ಯ 19-19ರಲ್ಲಿ ಸಮವಾಯಿತು. ಆಟದಲ್ಲಿ ಮೇಲುಗೈ ಸಾಧಿಸುವ ಯೋಚನೆ ಆ ಶಾಲೆಗಳನ್ನು ಕೂಡಿಸಿದ್ದಲ್ಲ. ಕೂಡದಿದ್ದರೆ ಆಟವೇ ಇರುವುದಿಲ್ಲ ಎಂಬ ಅನಿವಾರ್ಯತೆ ಅವನ್ನು ಕೂಡಿಸಿತ್ತು.

ಈ ಎರಡು ಕೂಡಿಕೆಗಳ ನಡುವಿನ ಅಂತರವನ್ನು ಅಮೆರಿಕದ ಶಾಲಾ ಫುಟ್ಬಾಲಿನ ನಿಯಮಗಳು ಬಹುಪಾಲು ಗಮನಿಸುವುದಿಲ್ಲ. ಒಂದು ಬಲವನ್ನು ಗುಡ್ಡೆ ಹಾಕುವ ವಿಲೀನ, ಇನ್ನೊಂದು ಉಸಿರು ಹಿಡಿದುಕೊಳ್ಳುವ ವಿಲೀನ. ಎರಡೂ ಶಾಲೆಗಳ ಮಕ್ಕಳ ಸಂಖ್ಯೆಯನ್ನು ಕೂಡಿಸಿ, ಬಂದ ಮೊತ್ತದ ಮೇಲೆ ತಂಡದ ದರ್ಜೆಯನ್ನು ನಿರ್ಧರಿಸುವುದು ವಾಡಿಕೆಯ ಲೆಕ್ಕ. ಕೇಳಲು ಸರಳ, ನೋಡಲು ನಿಷ್ಪಕ್ಷಪಾತ. ಆದರೆ ಈ ಲೆಕ್ಕ ತಪ್ಪು ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂಬುದು ನನ್ನ ವಾದ. ಎರಡು ಶಾಲೆ ಕೂಡಿದಾಗ ಒಟ್ಟು ಎಷ್ಟು ಮಕ್ಕಳಾದರು ಎಂದು ಕೇಳುವ ಮೊದಲು, ಕೂಡದೇ ಇದ್ದಿದ್ದರೆ ಈ ಮಕ್ಕಳಿಗೆ ಆಡಲು ತಂಡ ಇರುತ್ತಿತ್ತೇ ಎಂದು ಕೇಳಬೇಕು. ಆ ಉತ್ತರವನ್ನು ನೋಡಿ ದರ್ಜೆ ಕೊಟ್ಟರೆ ಮಾತ್ರ ಅದನ್ನು ನ್ಯಾಯ ಎನ್ನಬಹುದು.

ಇಲ್ಲಿ ಫುಟ್ಬಾಲ್ ಎಂದರೆ ನಾವು ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್, ಭುಜಕವಚ, ಮೈಗೆ ಮೈ ಡಿಕ್ಕಿ ಹೊಡೆದು ಗಜ ಗಜವಾಗಿ ನೆಲ ಗೆಲ್ಲುವ ಅಮೆರಿಕನ್ ಫುಟ್ಬಾಲ್. ಆ ದೇಶದ ಹೈಸ್ಕೂಲುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಇದನ್ನು ಆಡುತ್ತಾರೆ. ನಮ್ಮಲ್ಲಿ ಸುಬ್ರತೋ ಕಪ್‌ನಂಥ ಅಂತರಶಾಲಾ ಟೂರ್ನಿಗಳು ಮಕ್ಕಳನ್ನು ವಯಸ್ಸಿನ ಪ್ರಕಾರ ವಿಂಗಡಿಸುತ್ತವೆ. ಸಾವಿರ ಮಕ್ಕಳಿರುವ ಶಾಲೆಯೂ ನೂರು ಮಕ್ಕಳ ಶಾಲೆಯೂ ಒಂದೇ ಕಪ್‌ಗೆ ಸೆಣಸಬಹುದು. ಅಮೆರಿಕದಲ್ಲಿ 9ರಿಂದ 12ನೇ ತರಗತಿಯ ಹುಡುಗರು ಒಂದೇ ತಂಡದಲ್ಲಿ ಆಡುತ್ತಾರೆ, ಮತ್ತು ವಿಂಗಡಣೆ ನಡೆಯುವುದು ಶಾಲೆಯ ಗಾತ್ರದ ಮೇಲೆ. ಪ್ರತಿ ರಾಜ್ಯಕ್ಕೂ ತನ್ನದೇ ಶಾಲಾ ಕ್ರೀಡಾ ಸಂಘವಿದೆ, ಪ್ರತಿ ಸಂಘಕ್ಕೂ ತನ್ನದೇ ದರ್ಜೆಗಳಿವೆ. ಟೆಕ್ಸಸ್ ರಾಜ್ಯದ ಸಂಘ ಎರಡು ವರ್ಷಕ್ಕೊಮ್ಮೆ ಎಲ್ಲ ಶಾಲೆಗಳ ದಾಖಲಾತಿಯನ್ನು ತರಿಸಿಕೊಂಡು ದರ್ಜೆಯ ಗೆರೆಗಳನ್ನು ಮತ್ತೆ ಎಳೆಯುತ್ತದೆ. 2024ರಿಂದ 2026ರವರೆಗಿನ ಅವಧಿಗೆ 2,275 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳು 6ಎ ದರ್ಜೆಯಲ್ಲಿ, 255ರಿಂದ 544ರವರೆಗಿನವು 3ಎ ದರ್ಜೆಯಲ್ಲಿ, 105ರಿಂದ 254ರವರೆಗಿನವು 2ಎ ದರ್ಜೆಯಲ್ಲಿ, ಅದಕ್ಕಿಂತ ಸಣ್ಣವು 1ಎ ದರ್ಜೆಯಲ್ಲಿ ನಿಂತವು. ಎಪ್ಲರ್ ರೂಪಿಸಿದ ಆರು ಜನರ ಆಟ ಅಲ್ಲಿ ಇಂದಿಗೂ ಜೀವಂತವಾಗಿದೆ, ಅದನ್ನು ಆಡುವ ಅವಕಾಶ ಈ ಕೊನೆಯ ದರ್ಜೆಯ ಶಾಲೆಗಳಿಗೆ ಮಾತ್ರ.

ದರ್ಜೆಗಳು ಏಕೆ ಬೇಕು ಎಂಬುದಕ್ಕೆ ಪಂದ್ಯದ ಕೊನೆಯ ಹನ್ನೆರಡು ನಿಮಿಷ ನೋಡಿದರೆ ಸಾಕು. ಹೈಸ್ಕೂಲ್ ಪಂದ್ಯದಲ್ಲಿ 12 ನಿಮಿಷದ ನಾಲ್ಕು ಭಾಗಗಳಿರುತ್ತವೆ. ದೊಡ್ಡ ಶಾಲೆಯ ತಂಡದಲ್ಲಿ ಚೆಂಡು ತಮ್ಮ ಕೈಯಲ್ಲಿರುವಾಗ ಆಡುವವರು ಬೇರೆ, ಎದುರಾಳಿಯ ಕೈಯಲ್ಲಿರುವಾಗ ತಡೆಯುವವರು ಬೇರೆ. ಒಂದು ಗುಂಪು ಆಡುತ್ತಿದ್ದರೆ ಇನ್ನೊಂದು ಗುಂಪು ಬೆಂಚಿನ ಮೇಲೆ ಕುಳಿತು ನೀರು ಕುಡಿಯುತ್ತಿರುತ್ತದೆ. ಹದಿನೇಳು ಹದಿನೆಂಟು ಹುಡುಗರಷ್ಟೇ ಇರುವ ತಂಡದಲ್ಲಿ ಈ ಅನುಕೂಲವಿಲ್ಲ. ಚೆಂಡು ಹಿಡಿದು ಓಡಿದ ಹುಡುಗನೇ ಮರುಗಳಿಗೆ ಓಡುವವನನ್ನು ಕೆಡವಬೇಕು. ಮುಂಚೂಣಿಯಲ್ಲಿ ನಿಂತು ಭಾರಿ ಮೈಕಟ್ಟಿನವರನ್ನು ತಳ್ಳಿದ ಐವರೇ ತಳ್ಳಿಸಿಕೊಳ್ಳಲೂ ನಿಲ್ಲಬೇಕು. ಮೂರನೆಯ ಭಾಗ ಮುಗಿಯುವಷ್ಟರಲ್ಲಿ ಕಾಲು ಸೋಲುತ್ತದೆ, ಸೋತ ಕಾಲಿನ ಮೇಲೆ ಬಿದ್ದ ಏಟು ಗಾಯವಾಗುತ್ತದೆ. ಒಬ್ಬ ಗಾಯಗೊಂಡು ಹೊರಗೆ ಹೋದರೆ ಅವನ ಜಾಗಕ್ಕೆ ಬರುವವನು 14 ವರ್ಷದ 9ನೇ ತರಗತಿಯ ಹುಡುಗ, ಅವನ ಎದುರಿಗೆ ನಿಂತವನು 18 ತುಂಬಿದ ಯುವಕ. ದರ್ಜೆಯ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಟ್ರೋಫಿಗೆ ಸಂಬಂಧಿಸಿದ ವಿಚಾರ ಮಾತ್ರವಲ್ಲ, ಮಕ್ಕಳ ಮೈಗೆ ಸಂಬಂಧಿಸಿದ ವಿಚಾರವೂ ಹೌದು.

ಸಣ್ಣವರೂ ದೊಡ್ಡವರನ್ನು ಸೋಲಿಸಬಲ್ಲರು, ದರ್ಜೆಗಳೇ ಬೇಡ ಎನ್ನುವವರು ಇಂಡಿಯಾನಾ ರಾಜ್ಯದ ಮಿಲನ್ ಶಾಲೆಯನ್ನು ನೆನಪಿಸುತ್ತಾರೆ. 1954ರಲ್ಲಿ 161 ಮಕ್ಕಳಿದ್ದ ಆ ಶಾಲೆ ಬ್ಯಾಸ್ಕೆಟ್‌ಬಾಲ್ ರಾಜ್ಯ ಫೈನಲ್‌ನಲ್ಲಿ ಬಲಾಢ್ಯ ಮನ್ಸಿ ಸೆಂಟ್ರಲ್ ತಂಡವನ್ನು 32-30ರಿಂದ ಸೋಲಿಸಿತು. ಆಗ ಆ ರಾಜ್ಯದಲ್ಲಿ ಎಲ್ಲ ಶಾಲೆಗಳಿಗೂ ಒಂದೇ ಟೂರ್ನಿ. ಆದರೆ ಮಿಲನ್ ಏಳು ದಶಕಗಳ ನಂತರವೂ ನೆನಪಿನಲ್ಲಿ ಉಳಿದಿರುವುದು ಅಂಥದ್ದು ಅಪರೂಪ ಎಂಬ ಕಾರಣಕ್ಕೇ. ಬ್ಯಾಸ್ಕೆಟ್‌ಬಾಲಿನಲ್ಲಿ ಐವರು ಒಳ್ಳೆಯ ಹುಡುಗರು ಸಿಕ್ಕರೆ ಒಂದು ತಂಡ ನಿಲ್ಲುತ್ತದೆ. ಹನ್ನೊಂದು ಜನರ ಫುಟ್ಬಾಲಿನಲ್ಲಿ ಬೇರೆ ಬೇರೆ ಮೈಕಟ್ಟಿನ, ಬೇರೆ ಬೇರೆ ಕೌಶಲದ ಹುಡುಗರು ಬೇಕು, ಅವರಿಗೆ ಬದಲಿಗಳೂ ಬೇಕು. ಬ್ಯಾಸ್ಕೆಟ್‌ಬಾಲನ್ನು ಒಂದೇ ಟೂರ್ನಿಯಲ್ಲಿ ಇಟ್ಟಿದ್ದ ಇಂಡಿಯಾನಾ ಕೂಡ 1973ರಲ್ಲಿ ಫುಟ್ಬಾಲಿಗೆ ರಾಜ್ಯ ಟೂರ್ನಿ ಆರಂಭಿಸಿದಾಗ ಮೊದಲ ವರ್ಷದಿಂದಲೇ ಶಾಲೆಗಳನ್ನು ದರ್ಜೆಗಳಾಗಿ ಒಡೆಯಿತು.

ಶಾಲೆಗಳು ಒಂದಾಗುವ ಪ್ರಕ್ರಿಯೆ ಅಮೆರಿಕದಲ್ಲಿ ಹಳೆಯದು. 1939-40ರಲ್ಲಿ ಆ ದೇಶದಲ್ಲಿ ಸುಮಾರು 1,17,000 ಶಾಲಾ ಜಿಲ್ಲೆಗಳಿದ್ದವು. ಈಗ ಇರುವುದು ಸುಮಾರು 13,000. ಒಂದೊಂದು ಶಾಲಾ ಜಿಲ್ಲೆ ಎಂದರೆ ತೆರಿಗೆ ಎತ್ತಿ ತನ್ನ ಶಾಲೆಗಳನ್ನು ತಾನೇ ನಡೆಸುವ ಸ್ಥಳೀಯ ಆಡಳಿತ. ರಸ್ತೆ ಬಂತು, ಶಾಲಾ ಬಸ್ಸು ಬಂತು, ಜಮೀನುಗಳು ದೊಡ್ಡದಾಗಿ ಬೇಸಾಯದ ಕುಟುಂಬಗಳು ಕಡಿಮೆಯಾದವು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಂಟ್ 1959ರಲ್ಲಿ ಹೈಸ್ಕೂಲುಗಳ ಬಗ್ಗೆ ಬರೆದ ವರದಿಯಲ್ಲಿ, ಕೊನೆಯ ತರಗತಿಯಲ್ಲಿ ಕನಿಷ್ಠ 100 ಮಕ್ಕಳಾದರೂ ಇಲ್ಲದ ಶಾಲೆ ಒಳ್ಳೆಯ ಪಾಠವೈವಿಧ್ಯ ಕೊಡಲಾರದು ಎಂದು ವಾದಿಸಿದರು. ಇಂಡಿಯಾನಾ ಅದೇ ವರ್ಷ ಶಾಲೆಗಳ ಪುನರ್ರಚನೆಗೆ ಕಾನೂನು ತಂದಿತು. ಇದು ಪೂರ್ಣ ವಿಲೀನ: ಎರಡು ಶಾಲೆಗಳು ನಿಜವಾಗಿ ಒಂದಾಗುತ್ತವೆ, ಒಂದು ಕಟ್ಟಡ, ಒಬ್ಬರೇ ಮುಖ್ಯೋಪಾಧ್ಯಾಯರು, ಒಂದೇ ಹಾಜರಿ ಪುಸ್ತಕ. ಇನ್ನೊಂದು ಬಗೆ ಜಂಟಿ ತಂಡ. ಶಾಲೆಗಳು ಬೇರೆಯಾಗಿಯೇ ಉಳಿದು ಒಂದು ಆಟಕ್ಕೆ ಮಾತ್ರ ಕೈಜೋಡಿಸುತ್ತವೆ. ನೆಬ್ರಾಸ್ಕದ ಬ್ರೂನಿಂಗ್-ಡ್ಯಾವನ್‌ಪೋರ್ಟ್ ಮತ್ತು ಶಿಕ್ಲಿಯಂಥ ಮೂರು ಊರಿನ ಹೆಸರು ಹೊತ್ತ ತಂಡಗಳು ಆ ಬಯಲು ಸೀಮೆಯಲ್ಲಿ ಸಾಮಾನ್ಯ. ಶಾಲೆ ಮುಗಿದ ಮೇಲೆ ಒಂದು ಊರಿನ ಹುಡುಗರು ಬಸ್ಸು ಹತ್ತಿ ಇನ್ನೊಂದು ಊರಿನ ಮೈದಾನಕ್ಕೆ ಹೋಗಿ ಅಭ್ಯಾಸ ಮಾಡುತ್ತಾರೆ.

ಈಗ ಕೂಡಿಸುವ ಲೆಕ್ಕ ಏನು ಮಾಡುತ್ತದೆ ನೋಡೋಣ. ಟೆಕ್ಸಸ್‌ನ ಗೆರೆಗಳನ್ನು ಅಳತೆಗೆ ಮಾತ್ರ ಇಟ್ಟುಕೊಂಡು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. 220 ಮಕ್ಕಳಿರುವ ಶಾಲೆಯೊಂದಿದೆ. 105ರಿಂದ 254ರವರೆಗಿನ ದರ್ಜೆಯಲ್ಲಿ ಅದು ಮೇಲ್ತುದಿಗೆ ಹತ್ತಿರ, ಎದುರಾಳಿಗಳಲ್ಲಿ ಹೆಚ್ಚಿನವರು ತನಗಿಂತ ಸಣ್ಣವರು. ಪಕ್ಕದ ಊರಿನ 60 ಮಕ್ಕಳ ಶಾಲೆಯಲ್ಲಿ ತಂಡ ಮುಚ್ಚಿಹೋಗುತ್ತದೆ, ಆಡಬೇಕೆನ್ನುವ ನಾಲ್ಕು ಹುಡುಗರು ಉಳಿಯುತ್ತಾರೆ. ದೊಡ್ಡ ಶಾಲೆ ಅವರನ್ನು ಸೇರಿಸಿಕೊಳ್ಳಲು ಒಪ್ಪಿದರೆ ಒಟ್ಟು ಸಂಖ್ಯೆ 280 ಆಗುತ್ತದೆ, ತಂಡ 255ರಿಂದ 544ರವರೆಗಿನ ದರ್ಜೆಗೆ ಏರುತ್ತದೆ. ನಿನ್ನೆ ದರ್ಜೆಯ ದೊಡ್ಡವರ ಸಾಲಿನಲ್ಲಿದ್ದ ತಂಡ ಇಂದು ಮೇಲಿನ ದರ್ಜೆಯ ಸಣ್ಣವರ ಸಾಲಿನಲ್ಲಿ ನಿಲ್ಲುತ್ತದೆ. ಟೆಕ್ಸಸ್ ಫುಟ್ಬಾಲಿಗಾಗಿ ಪ್ರತಿ ದರ್ಜೆಯನ್ನೂ ಎರಡು ಉಪದರ್ಜೆಗಳಾಗಿ ಒಡೆಯುತ್ತದೆ. ಅದರಿಂದ ಏಟು ಸ್ವಲ್ಪ ತಗ್ಗುತ್ತದೆಯೇ ಹೊರತು ತಪ್ಪುವುದಿಲ್ಲ. ನಿಯಮದ ಕಣ್ಣಿಗೆ ತಂಡಕ್ಕೆ 60 ಮಕ್ಕಳ ಬಲ ಬಂತು, ಮೈದಾನಕ್ಕೆ ಬಂದವರು ನಾಲ್ವರು. ಇನ್ನೂ ಸಣ್ಣ ಶಾಲೆಗಳ ಪಾಡು ಇನ್ನೂ ಕಠಿಣ. 80 ಮತ್ತು 60 ಮಕ್ಕಳಿರುವ ಎರಡು ಶಾಲೆಗಳು ಪೂರ್ಣವಾಗಿ ವಿಲೀನವಾದರೆ 140 ಆಯಿತು, 105ರ ಗೆರೆ ದಾಟಿತು. ಆರು ಜನರ ಆಟ ಬಿಟ್ಟು ಹನ್ನೊಂದು ಜನರ ಆಟಕ್ಕೆ ಹೋಗಬೇಕು. ಅವೆರಡೂ ಬೇರೆ ಬೇರೆ ಆಟಗಳೇ ಎನ್ನುವಷ್ಟು ವ್ಯತ್ಯಾಸವಿದೆ. ಆರು ಜನರ ಮೈದಾನದ ಉದ್ದ 80 ಗಜ, ಅಗಲ 40 ಗಜ, ಅಲ್ಲಿ ಯಾರು ಬೇಕಾದರೂ ಪಾಸ್ ಹಿಡಿಯಬಹುದು, ವೇಗವೇ ಬಂಡವಾಳ. ಹನ್ನೊಂದು ಜನರ ಆಟಕ್ಕೆ 100 ಗಜದ ಮೈದಾನ, ಮುಂಚೂಣಿಗೆ ಐದು ಭಾರಿ ದೇಹಗಳು ಬೇಕು. ಚುರುಕಾದ ಹನ್ನೆರಡು ಹುಡುಗರನ್ನು ಇಟ್ಟುಕೊಂಡು ಒಂದು ಆಟ ಕಲಿತ ಶಾಲೆ, ವಿಲೀನದ ಮರುವರ್ಷ ತನ್ನಲ್ಲಿಲ್ಲದ ಮೈಕಟ್ಟಿನ ಹುಡುಗರನ್ನು ಹುಡುಕಬೇಕಾಗುತ್ತದೆ.

ಸಂಖ್ಯೆ ಇಮ್ಮಡಿಯಾದರೆ ಬಲವೂ ಇಮ್ಮಡಿಯಾಗುತ್ತದೆ ಎಂಬ ನಂಬಿಕೆ ಈ ಲೆಕ್ಕದ ಬುಡದಲ್ಲಿದೆ. ಅದಕ್ಕೆ ವಿರುದ್ಧವಾದ ಸಾಕ್ಷ್ಯ ಬಹಳ ಹಿಂದೆಯೇ ಸಿಕ್ಕಿದೆ. ಕಾನ್ಸಾಸ್ ರಾಜ್ಯದಲ್ಲಿ ಮನೋವಿಜ್ಞಾನಿಗಳಾದ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಬೇರೆ ಬೇರೆ ಗಾತ್ರದ ಹೈಸ್ಕೂಲುಗಳನ್ನು ಹೋಲಿಸಿ 1964ರಲ್ಲಿ 'ಬಿಗ್ ಸ್ಕೂಲ್, ಸ್ಮಾಲ್ ಸ್ಕೂಲ್' ಎಂಬ ಪುಸ್ತಕ ಪ್ರಕಟಿಸಿದರು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳು ಹೆಚ್ಚಿದ್ದರೂ, ಒಬ್ಬೊಬ್ಬ ವಿದ್ಯಾರ್ಥಿಗೆ ಸಿಗುವ ಜವಾಬ್ದಾರಿಯ ಸ್ಥಾನ ಸಣ್ಣ ಶಾಲೆಯಲ್ಲೇ ಹೆಚ್ಚು ಎಂಬುದು ಅವರ ಮುಖ್ಯ ಶೋಧ. ಸಣ್ಣ ಶಾಲೆಗೆ ಪ್ರತಿಯೊಬ್ಬ ಹುಡುಗನೂ ಬೇಕು, ಆದ್ದರಿಂದ ಪ್ರತಿಯೊಬ್ಬನನ್ನೂ ಅದು ಕೈಹಿಡಿದು ಎಳೆದು ತರುತ್ತದೆ. ಫುಟ್ಬಾಲಿಗೆ ಇದನ್ನು ಅನ್ವಯಿಸಿದರೆ ವಿಲೀನದ ಇನ್ನೊಂದು ಮುಖ ಕಾಣುತ್ತದೆ. ಎರಡು ಶಾಲೆ ಬೇರೆ ಇದ್ದಾಗ 22 ಹುಡುಗರು ಪಂದ್ಯ ಆರಂಭಿಸುತ್ತಿದ್ದರು. ಕೂಡಿದ ಮೇಲೆ ಆರಂಭಿಸುವವರು 11. ಉಳಿದವರಲ್ಲಿ ಕೆಲವರು ಬೆಂಚಿನ ಮೇಲೆ ಕೂರುತ್ತಾರೆ, ಕೆಲವರು ಆಟ ಬಿಡುತ್ತಾರೆ. ಹದಿನೈದು ಮೈಲಿ ಆಚೆಯ ಮೈದಾನಕ್ಕೆ ದಿನವೂ ಹೋಗಿಬರಲು ಆಗದೆ ಬಿಡುವವರು ಬೇರೆ. ಕೂಡಿದ ತಂಡದ ಅತ್ಯುತ್ತಮ ಹನ್ನೊಂದು ಮಂದಿ ಹಿಂದಿನ ಯಾವುದೇ ಒಂದು ಶಾಲೆಯ ಹನ್ನೊಂದು ಮಂದಿಗಿಂತ ಚೆನ್ನಾಗಿರುತ್ತಾರೆ, ನಿಜ. ಆದರೆ ಅದು ದುಪ್ಪಟ್ಟು ಬಲವಲ್ಲ, ಸ್ವಲ್ಪ ಹೆಚ್ಚಿನ ಬಲ. ದಾಖಲಾತಿ ಪುಸ್ತಕ ಅದನ್ನು ದುಪ್ಪಟ್ಟು ಎಂದು ಓದುತ್ತದೆ.

ಈ ತಪ್ಪು ಓದಿನಿಂದ ಆಗುವ ದೊಡ್ಡ ಹಾನಿ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಪಕ್ಕದ ಊರಿನ ನಾಲ್ಕು ಹುಡುಗರನ್ನು ಸೇರಿಸಿಕೊಂಡರೆ ದರ್ಜೆ ಏರುತ್ತದೆ ಎಂದು ಗೊತ್ತಿರುವ ಶಾಲೆ ಸೇರಿಸಿಕೊಳ್ಳಲು ಹಿಂಜರಿಯುತ್ತದೆ. ಅದರ ಪೋಷಕರು ಕೇಳುವ ಪ್ರಶ್ನೆ ಸಹಜವೇ: ನಮ್ಮ ಮಕ್ಕಳು ಯಾಕೆ ದಂಡ ತೆರಬೇಕು? ಅತ್ತ ಸಣ್ಣ ಶಾಲೆಯೂ ಕೂಡಿಕೆಯನ್ನು ಮುಂದಕ್ಕೆ ತಳ್ಳುತ್ತಾ, ಹದಿಮೂರು ಹದಿನಾಲ್ಕು ಹುಡುಗರನ್ನು ಇಟ್ಟುಕೊಂಡು ಇನ್ನೊಂದು ವರ್ಷ ನೂಕೋಣ ಎನ್ನುತ್ತದೆ. ಋತುವಿನ ನಡುವೆ ಇಬ್ಬರು ಗಾಯಗೊಂಡರೆ ಉಳಿದ ಪಂದ್ಯಗಳು ರದ್ದು. ಆ ವರ್ಷ 12ನೇ ತರಗತಿಯಲ್ಲಿದ್ದ ಹುಡುಗನಿಗೆ ಆ ಋತು ಮತ್ತೆ ಸಿಗುವುದಿಲ್ಲ. ಮಕ್ಕಳಿಗೆ ಆಟ ಸಿಗಲಿ ಎಂದೇ ಜಂಟಿ ತಂಡಕ್ಕೆ ಅವಕಾಶ ಕೊಟ್ಟ ಸಂಘಗಳು, ಅದನ್ನು ಬಳಸಿಕೊಂಡವರಿಗೆ ದರ್ಜೆಯ ಮೂಲಕ ದಂಡ ಹಾಕುತ್ತಿವೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಯಿತು.

ತಲೆ ಎಣಿಕೆಯೊಂದೇ ನ್ಯಾಯವಲ್ಲ ಎಂಬುದನ್ನು ಸಂಘಗಳು ಬೇರೆ ಸಂದರ್ಭಗಳಲ್ಲಿ ಆಗಲೇ ಒಪ್ಪಿಕೊಂಡಿವೆ. ಮಿನ್ನೆಸೋಟಾ ರಾಜ್ಯದಲ್ಲಿ ಬಡತನದ ಕಾರಣಕ್ಕೆ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳ ಸಂಖ್ಯೆಯ ಶೇಕಡಾ 40ರಷ್ಟನ್ನು ಶಾಲೆಯ ದಾಖಲಾತಿಯಿಂದ ಕಳೆದು ದರ್ಜೆ ನಿರ್ಧರಿಸುವ ಕ್ರಮ ಬಂತು. ಅಯೋವಾ 2023ರಿಂದ ಫುಟ್ಬಾಲಿಗೆ ಅದೇ ಬಗೆಯ ಸೂತ್ರವನ್ನು ತಂದಿತು. ಬಡ ಕುಟುಂಬದ ಹುಡುಗ ಶಾಲೆ ಮುಗಿದ ಮೇಲೆ ಕೆಲಸಕ್ಕೆ ಹೋಗಬೇಕಾಗಬಹುದು, ಬೇಸಿಗೆಯ ತರಬೇತಿ ಶಿಬಿರದ ಶುಲ್ಕ ಕಟ್ಟಲು ಆಗದಿರಬಹುದು, ಆದ್ದರಿಂದ ಅವನನ್ನು ಪೂರ್ಣ ಸಂಖ್ಯೆಯಾಗಿ ಎಣಿಸುವುದು ಸರಿಯಲ್ಲ ಎಂಬ ತಿಳಿವಳಿಕೆ ಇದರ ಹಿಂದಿದೆ. ಇಲಿನಾಯ್ 2005ರಿಂದ, ನಿಗದಿತ ಗಡಿಯಿಲ್ಲದೆ ಎಲ್ಲಿಂದ ಬೇಕಾದರೂ ಮಕ್ಕಳನ್ನು ಸೇರಿಸಿಕೊಳ್ಳಬಲ್ಲ ಶಾಲೆಗಳ ಸಂಖ್ಯೆಯನ್ನು 1.65ರಿಂದ ಗುಣಿಸುವ ನಿಯಮ ತಂದಿತು. ಇಂಡಿಯಾನಾ 2012ರಲ್ಲಿ ಸತತವಾಗಿ ಗೆಲ್ಲುವ ತಂಡಗಳನ್ನು ದಾಖಲಾತಿ ಏನೇ ಇದ್ದರೂ ಮೇಲಿನ ದರ್ಜೆಗೆ ಏರಿಸಲು ಒಪ್ಪಿತು. ಒಹಾಯೋ ರಾಜ್ಯದ ಶಾಲೆಗಳು ಮೂರು ಬಾರಿ ತಿರಸ್ಕರಿಸಿ 2014ರಲ್ಲಿ ಅಂಗೀಕರಿಸಿದ ನಿಯಮ ಇನ್ನೂ ಮುಂದೆ ಹೋಗುತ್ತದೆ. 2017ರಿಂದ ಅಲ್ಲಿ ತಂಡದ ಪಟ್ಟಿಯಲ್ಲಿರುವ ಒಬ್ಬೊಬ್ಬ ಆಟಗಾರನೂ ಎಲ್ಲಿಂದ ಬಂದವನು ಎಂದು ನೋಡಿ, ಆ ಲೆಕ್ಕವನ್ನು ದಾಖಲಾತಿಗೆ ಸೇರಿಸುತ್ತಾರೆ. ಬಡತನವನ್ನು ಅಳೆಯಬಹುದು, ಗೆಲುವನ್ನು ಅಳೆಯಬಹುದು, ಆಟಗಾರ ಬಂದ ದಾರಿಯನ್ನೂ ಅಳೆಯಬಹುದು ಎಂದಾದ ಮೇಲೆ, ಜಂಟಿ ತಂಡದಲ್ಲಿ ನಿಜವಾಗಿ ಎಷ್ಟು ಹುಡುಗರು ಯಾವ ಶಾಲೆಯಿಂದ ಬಂದರು ಎಂಬುದನ್ನು ಅಳೆಯಲಾಗದು ಎನ್ನಲು ಕಾರಣವಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಎರಡು ಬಗೆಯ ಕೂಡಿಕೆಯನ್ನು ಬೇರ್ಪಡಿಸಬೇಕು. ತನ್ನದೇ ತಂಡ ಕಟ್ಟಲಾಗದ ಶಾಲೆ ಇನ್ನೊಂದರ ಜೊತೆ ಸೇರಿದರೆ, ಆ ಶಾಲೆಯ ಮಕ್ಕಳನ್ನೆಲ್ಲ ಎಣಿಸದೆ, ಹಿಂದಿನ ಎರಡು ವರ್ಷ ಅಲ್ಲಿಂದ ಮೈದಾನಕ್ಕೆ ಬಂದ ಹುಡುಗರ ಪ್ರಮಾಣಕ್ಕೆ ತಕ್ಕಂತೆ ಒಂದು ಭಾಗವನ್ನಷ್ಟೇ ಸೇರಿಸಬೇಕು. ಎರಡೂ ಶಾಲೆಗಳು ತಮ್ಮ ತಮ್ಮ ತಂಡವನ್ನು ನಡೆಸಬಲ್ಲವಾಗಿದ್ದೂ ಕೂಡಲು ಬಯಸಿದರೆ ಪೂರ್ಣ ಮೊತ್ತವನ್ನೇ ಎಣಿಸಬೇಕು. ಅಲ್ಲಿ ರಕ್ಷಿಸಬೇಕಾದ ಆಟ ಅಪಾಯದಲ್ಲಿಲ್ಲ, ಗಳಿಸಬೇಕೆಂದಿರುವುದು ಮೇಲುಗೈ. ಪೂರ್ಣ ವಿಲೀನದಲ್ಲಿ ಎಲ್ಲ ಮಕ್ಕಳೂ ಒಂದೇ ಸೂರಿನಡಿ ಇರುವುದರಿಂದ ಕೊನೆಗೆ ಪೂರ್ಣ ಎಣಿಕೆಯೇ ಸರಿ. ಆದರೆ ಮೊದಲ ಎರಡು ವರ್ಷದ ಅವಧಿಗೆ, ವಿಲೀನವಾದ ಶಾಲೆಗಳಲ್ಲಿ ದೊಡ್ಡದರ ಹಳೆಯ ದರ್ಜೆಯಲ್ಲೇ ಉಳಿಯುವ ಅವಕಾಶ ಕೊಡಬೇಕು. ಆರು ಜನರ ಆಟದಿಂದ ಹನ್ನೊಂದು ಜನರ ಆಟಕ್ಕೆ ಹೋಗುವವರಿಗೆ ಈ ಅವಧಿ ಅತ್ಯಗತ್ಯ. ಕೋಚ್ ಹೊಸ ಆಟ ಕಲಿಸಬೇಕು, ಕಿರಿಯರು ಮೈ ಬೆಳೆಸಿಕೊಳ್ಳಬೇಕು, ಎರಡು ಊರಿನವರು ಒಂದು ತಂಡವನ್ನು ತಮ್ಮದೆಂದು ಒಪ್ಪಿಕೊಳ್ಳಬೇಕು.

ಇದಕ್ಕೆ ಬರುವ ಅತಿ ಗಟ್ಟಿಯಾದ ಆಕ್ಷೇಪ ದುರುಪಯೋಗದ್ದು. ಪಕ್ಕದ ಶಾಲೆಯ ಮಕ್ಕಳನ್ನು ಪೂರ್ತಿ ಎಣಿಸುವುದಿಲ್ಲ ಎಂದಾದರೆ, ಬಲಾಢ್ಯ ತಂಡವೊಂದು ಆ ಶಾಲೆಯ ಒಬ್ಬ ಅದ್ಭುತ ಓಟಗಾರನನ್ನು ಸೆಳೆದುಕೊಂಡು ಕೆಳಗಿನ ದರ್ಜೆಯಲ್ಲೇ ಪ್ರಶಸ್ತಿ ಹೊಡೆಯುವುದಿಲ್ಲವೇ? ಈ ಭಯ ಆಧಾರವಿಲ್ಲದ್ದಲ್ಲ. ಎರಡು ಊರಿನ ಹೆಸರು ಹೊತ್ತ ಶಾಲೆಗಳು ಸದಾ ಬಡಪಾಯಿಗಳೂ ಅಲ್ಲ. ಇಲಿನಾಯ್‌ನ ಲೀನಾ-ವಿನ್ಸ್‌ಲೋ ಶಾಲೆ ಆ ರಾಜ್ಯದ ಅತಿ ಸಣ್ಣ ದರ್ಜೆಯಾದ 1ಎಯಲ್ಲಿ ಹಲವು ಬಾರಿ ಚಾಂಪಿಯನ್ ಆಗಿದೆ, ಮತ್ತು ಆ ಗೆಲುವು ನಿಯಮದ ಒಳಗೇ ನಡೆದದ್ದು. ಆದ್ದರಿಂದ ರಿಯಾಯಿತಿಗೆ ಬೇಲಿ ಬೇಕು. ಹಿಂದಿನ ಎರಡು ವರ್ಷಗಳಲ್ಲಿ ರಾಜ್ಯ ಮಟ್ಟದ ಸೆಮಿಫೈನಲ್ ತಲುಪಿದ ತಂಡ ಇನ್ನೊಂದು ಶಾಲೆಯನ್ನು ಸೇರಿಸಿಕೊಂಡರೆ ರಿಯಾಯಿತಿ ಇರಬಾರದು. ಒಪ್ಪಂದವನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸಬೇಕು. ಜಂಟಿ ತಂಡ ಗೆಲ್ಲುತ್ತಾ ಹೋದರೆ ಇಂಡಿಯಾನಾದ ಮಾದರಿಯಲ್ಲಿ ದರ್ಜೆ ತಾನಾಗಿ ಏರಬೇಕು. ದುರುಪಯೋಗ ತಡೆಯಲು ಇಷ್ಟು ಸಾಕು. ಒಬ್ಬಿಬ್ಬರು ಮೋಸ ಮಾಡಬಹುದೆಂದು ಎಲ್ಲ ಸಣ್ಣ ಶಾಲೆಗಳಿಗೂ ಶಿಕ್ಷೆ ಹಾಕುವುದು ಬೇಲಿ ಕಟ್ಟುವುದಕ್ಕಿಂತ ಸುಲಭ ಇರಬಹುದು, ಸರಿಯಾದದ್ದಲ್ಲ.

ಎರಡನೆಯ ಆಕ್ಷೇಪ ಸರಳತೆಯದ್ದು. ಕೂಡಿಸುವ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ, ಅದರಲ್ಲಿ ಅಧಿಕಾರಿಗಳ ಮರ್ಜಿಗೆ ಜಾಗವಿಲ್ಲ, ಸೂತ್ರಗಳು ಹೆಚ್ಚಾದಷ್ಟೂ ಜಗಳ ಹೆಚ್ಚು ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಅದಕ್ಕೇ ನಾನು ಹೇಳುವ ಲೆಕ್ಕದಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಒಂದು ಶಾಲೆ ತಾನಾಗಿ ತಂಡ ಕಟ್ಟಬಲ್ಲುದೇ ಎಂಬುದನ್ನು ಹಿಂದಿನ ವರ್ಷಗಳ ಆಟಗಾರರ ಪಟ್ಟಿ ಹೇಳುತ್ತದೆ, ಎಷ್ಟು ಮಂದಿ ಬಂದರು ಎಂಬುದನ್ನೂ ಅದೇ ಪಟ್ಟಿ ಹೇಳುತ್ತದೆ. ಪ್ರತಿ ಶಾಲೆಯೂ ಆ ಪಟ್ಟಿಯನ್ನು ಇಟ್ಟುಕೊಂಡೇ ಇರುತ್ತದೆ. ಒಹಾಯೋ ಮಾಡುತ್ತಿರುವ ಲೆಕ್ಕಕ್ಕಿಂತ ಇದು ಸುಲಭದ್ದು.

ಕಷ್ಟವಾದರೆ ಎಂಟು ಅಥವಾ ಆರು ಜನರ ಆಟಕ್ಕೆ ಇಳಿಯಲಿ, ಅದಕ್ಕಾಗಿಯೇ ಆ ಆಟಗಳಿವೆ ಎನ್ನುವವರೂ ಇದ್ದಾರೆ. ಆರು ಜನರ ಆಟ ಕೀಳಲ್ಲ, ಅನೇಕ ಊರುಗಳಿಗೆ ಅದೇ ಸರಿಯಾದ ಉತ್ತರ. ಆದರೆ 220 ಮಕ್ಕಳ ಶಾಲೆ ಹನ್ನೊಂದು ಜನರ ತಂಡವನ್ನು ಸಲೀಸಾಗಿ ನಡೆಸುತ್ತಿರುವಾಗ, ಪಕ್ಕದೂರಿನ ನಾಲ್ವರನ್ನು ಸೇರಿಸಿಕೊಂಡ ಮಾತ್ರಕ್ಕೆ ಅದು ಆಟ ಬದಲಿಸಬೇಕಾಗಿಲ್ಲ. ಆ ನಾಲ್ವರಿಗೆ ತಮ್ಮದೇ ಆರು ಜನರ ತಂಡ ಕಟ್ಟುವ ದಾರಿಯೂ ಇಲ್ಲ. ಇನ್ನು ಕೆಲವರ ಸಲಹೆ ದರ್ಜೆಗಳನ್ನು ಹೆಚ್ಚಿಸುವುದು. ಟೆಕ್ಸಸ್ ಈಗಲೇ ಆರು ದರ್ಜೆಗಳನ್ನು ತಲಾ ಎರಡಾಗಿ ಒಡೆದು ವರ್ಷಕ್ಕೆ 12 ಫುಟ್ಬಾಲ್ ಚಾಂಪಿಯನ್ನರನ್ನು ಆರಿಸುತ್ತದೆ. ಎಷ್ಟೇ ದರ್ಜೆ ಮಾಡಿದರೂ ಪ್ರತಿ ದರ್ಜೆಗೂ ಒಂದು ಕೆಳತುದಿ ಇರುತ್ತದೆ, ತಪ್ಪಾಗಿ ಎಣಿಸಿದ ಜಂಟಿ ತಂಡ ಅದೇ ತುದಿಯಲ್ಲಿ ಹೋಗಿ ನಿಲ್ಲುತ್ತದೆ. ಸರಿಪಡಿಸಬೇಕಾದದ್ದು ಎಣಿಕೆ.

ಇಷ್ಟಕ್ಕೂ ಶಾಲಾ ಆಟಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ, ಸೋಲು ಕೂಡ ಪಾಠವಲ್ಲವೇ ಎಂದು ಕೇಳಬಹುದು. ಹೋರಾಡಿ ಸೋತ ಸೋಲು ಪಾಠ ಕಲಿಸುತ್ತದೆ. ವಾರದಿಂದ ವಾರಕ್ಕೆ ಐವತ್ತು ಅಂಕಗಳ ಅಂತರದಲ್ಲಿ ಸೋಲುವ ಹುಡುಗ ಕಲಿಯುವುದು ಮುಂದಿನ ವರ್ಷ ಆಡಬಾರದು ಎಂಬುದನ್ನು. ಅವನು ಬಿಟ್ಟರೆ ತಂಡ ಇನ್ನಷ್ಟು ತೆಳ್ಳಗಾಗುತ್ತದೆ, ತೆಳ್ಳಗಾದ ತಂಡ ಇನ್ನಷ್ಟು ಸೋಲುತ್ತದೆ. ಶಾಲೆ ವಿಲೀನವಾದಾಗ ಒಂದು ಊರು ತನ್ನ ಶಾಲೆಯ ಹೆಸರನ್ನು, ಬಣ್ಣವನ್ನು, ಶುಕ್ರವಾರ ಸಂಜೆಯ ಪಂದ್ಯವನ್ನು ಆಗಲೇ ಬಿಟ್ಟುಕೊಟ್ಟಿರುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಗಳನ್ನು ಕೂಡಿಸುವ ಚರ್ಚೆ ಕರ್ನಾಟಕದಲ್ಲೂ ಇದೆ. ಅಲ್ಲಿ ದೂರ, ಬಸ್ಸು, ಶಿಕ್ಷಕರ ಸಂಖ್ಯೆ ಮಾತಿಗೆ ಬರುತ್ತವೆ, ಆಟದ ಮೈದಾನದಲ್ಲಿ ಯಾವ ಮಗು ಜಾಗ ಕಳೆದುಕೊಂಡಿತು ಎಂಬುದು ಬರುವುದು ಕಡಿಮೆ. ಅಮೆರಿಕದ ಅನುಭವ ನಮಗೂ ಹೇಳುವುದು ಇದನ್ನೇ: ವಿಲೀನದ ಲಾಭನಷ್ಟವನ್ನು ಮೊತ್ತದಲ್ಲಿ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ, ಒಬ್ಬೊಬ್ಬ ಮಗುವಿಗೂ ಏನು ಉಳಿಯಿತು ಎಂದು ನೋಡಬೇಕು.

ಟೈಟನ್ಸ್ ತಂಡದ ಬಲವನ್ನು ಮೂರು ಶಾಲೆಯ ಬಲವಾಗಿಯೇ ಎಣಿಸುವುದು ನ್ಯಾಯ. ನೆಬ್ರಾಸ್ಕದ ಹಳ್ಳಿಗಳು ಕೂಡಿ ಕಟ್ಟಿದಂಥ ತಂಡವನ್ನು ಅದೇ ಕೋಲಿನಿಂದ ಅಳೆಯುವುದು ನ್ಯಾಯವಲ್ಲ. ಎರಡನ್ನೂ ಒಂದೇ ರೀತಿ ನೋಡುವುದೇ ಸಮಾನತೆ ಎಂದು ತಿಳಿದ ನಿಯಮ, ಆಡಲು ಹನ್ನೊಂದು ಮಂದಿಯೂ ಇಲ್ಲದವರಿಂದ ಹೆಚ್ಚು ಕೇಳುತ್ತದೆ. ಕ್ರೀಡಾ ಸಂಘಗಳು ದರ್ಜೆಗಳನ್ನು ಆಗಾಗ ಹೇಗೂ ಪರಿಷ್ಕರಿಸುತ್ತವೆ, ಗೆರೆಗಳನ್ನು ಹೇಗೂ ಮತ್ತೆ ಎಳೆಯುತ್ತವೆ. ಮುಂದಿನ ಪರಿಷ್ಕರಣೆಯಲ್ಲಿ ಅವು ಶಾಲೆಗಳ ಹಾಜರಿ ಪುಸ್ತಕದ ಜೊತೆಗೆ ಆಟಗಾರರ ಪಟ್ಟಿಯನ್ನೂ ತರಿಸಿಕೊಳ್ಳಲಿ. ಪಕ್ಕದೂರಿನ ನಾಲ್ಕು ಹುಡುಗರನ್ನು ಸೇರಿಸಿಕೊಂಡ ಶಾಲೆಗೆ ಅದು ನಷ್ಟದ ವ್ಯವಹಾರ ಆಗದಿದ್ದರೆ, ಆ ನಾಲ್ವರಿಗೆ ತಂಡ ಸಿಗುತ್ತದೆ. ಜಂಟಿ ತಂಡ ಎಂಬ ವ್ಯವಸ್ಥೆ ಹುಟ್ಟಿದ್ದೇ ಅಂಥವರಿಗಾಗಿ.